ಪ್ರಾಣಿ-ಪಕ್ಷಿ ಕೆತ್ತಿದ ಬಡಿಸುವ ಹಲಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ಗಂಗಾವತಿ, ಬಳ್ಳಾರಿ ಕಡೆಯ ಜಾತ್ರೆ ಮತ್ತು ಮೇಳಗಳಲ್ಲಿ ನಮ್ಮ ಹಲಗೆಗಳನ್ನು ಕೈಗೆತ್ತಿಕೊಂಡು ನೋಡಿದವರು, ಫೋನ್ ಮಾಡಿದವರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ಸ್ವಂತ ಮಾಡುವವರಿಗೆ ಬೇಕಾದವು ಕೊನೆಗೆ.

## ಕೊಳ್ಳುವ ಮುಂಚೆ

ಇದು ಗ್ವಾಡಿಗೆ ಹಾಕೋದಾ, ಊಟಕ್ಕ ಬಳಸೋದಾ?

ಊಟಕ್ಕೆ. ಚಿತ್ರ ಚೆನ್ನಾಗಿದೆ ಅಂತ ಗೋಡೆಗೆ ಮೊಳೆ ಹೊಡೆದು ನೇತು ಹಾಕುವವರಿದ್ದಾರೆ. ಅದು ಅವರಿಷ್ಟ. ಆದರೆ ನಾವು ಹಲಗೆ ಮಾಡುವುದು ನಾಲ್ಕು ಜನ ಸುತ್ತ ಕೂತು ತಿನ್ನಲಿ ಅಂತ. ಅದಕ್ಕೇ ಚಿತ್ರವನ್ನು ಮೂಲೆಗೆ, ಹಿಡಿಕೆಗೆ ಅಥವಾ ಹಿಂಬದಿಗೆ ಹಾಕುತ್ತೇವೆ. ತಿನ್ನುವ ಪದಾರ್ಥ ಕೂರುವ ಜಾಗ ಪೂರ್ತಿ ನುಣುಪಾಗಿರುತ್ತದೆ. ಹಲಗೆ ತುಂಬ ಕೆತ್ತಿದ್ದು ನೋಡಲು ಭಾರಿ ಅನಿಸಿದರೂ ಬಡಿಸಲು ಬರುವುದಿಲ್ಲ.

ಚಪಾತಿ ಮಣಿಗೂ ಇದಕ್ಕೂ ಏನ್ ಫರಕ್ ರೀ?

ಚಪಾತಿ ಮಣೆ ದುಂಡಗೆ, ಕಾಲಿನ ಮೇಲೆ ನಿಲ್ಲುತ್ತದೆ. ಲಟ್ಟಣಿಗೆ ಓಡಬೇಕಲ್ಲ, ಮೇಲೆ ಒಂದು ಗೀರೂ ಇರಬಾರದು. ಬಡಿಸುವ ಹಲಗೆ ಉದ್ದಕ್ಕೆ, ಚಪ್ಪಟೆಯಾಗಿ, ಹಿಡಿಕೆ ಇಟ್ಟುಕೊಂಡು ಇರುತ್ತದೆ. ದಪ್ಪ 18ರಿಂದ 20 ಮಿಲಿಮೀಟರ್ ಇದ್ದರೆ ಒಳ್ಳೆಯದು. ಅದಕ್ಕಿಂತ ತೆಳುವಾದರೆ ನಮ್ಮ ಬಿಸಿಲಿಗೆ ಡೊಂಕಾಗುತ್ತದೆ, ಜಾಸ್ತಿ ದಪ್ಪ ಮಾಡಿದರೆ ಒಂದು ಕೈಯಲ್ಲಿ ಎತ್ತಿ ಬಡಿಸಲು ಭಾರ.

ಇದರ ಮ್ಯಾಲೆ ಏನೇನ್ ಇಡಬಹುದು?

ಒಣ ಪದಾರ್ಥ ಯಾವುದಾದರೂ ಸರಿ. ಕಡಕ್ ರೊಟ್ಟಿ, ಹೋಳಿಗೆ, ಹೆಚ್ಚಿದ ಪೇರಲೆ, ಸೌತೆಕಾಯಿ, ಈರುಳ್ಳಿ ನೇರವಾಗಿ ಇಡಿ. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು ಸಣ್ಣ ಬಟ್ಟಲಲ್ಲಿ ಇರಲಿ. ಎಣ್ಣೆಗಾಯಿ ಪಲ್ಯಕ್ಕಂತೂ ಬಟ್ಟಲು ಬೇಕೇ ಬೇಕು. ಬಾಣಲೆಯಿಂದ ಈಗಷ್ಟೇ ತೆಗೆದ ಮಿರ್ಚಿ ಇಡುವುದಾದರೆ ಕೆಳಗೆ ಒಂದು ಮುತ್ತಲ ಎಲೆ ಹಾಕಿ, ಎಣ್ಣೆ ಒಂದೇ ಕಡೆ ಇಂಗಿ ಕಲೆ ಆಗುವುದು ತಪ್ಪುತ್ತದೆ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆ, ಹಂಚು ಮಾತ್ರ ಇಡಬೇಡಿ. ಮರ ಸುಟ್ಟು ಕರಿ ಉಂಗುರ ಬೀಳುತ್ತದೆ. ಅದು ಉಜ್ಜಿದರೂ ಹೋಗುವುದು ಕಷ್ಟ.

ತರಕಾರಿ ಹೆಚ್ಚಬಹುದಾ?

ಕೆತ್ತನೆ ಇಲ್ಲದ ಮುಖದ ಮೇಲೆ ಹೆಚ್ಚಬಹುದು. ಚಿತ್ರದ ಮೇಲೆ ಚಾಕು ಓಡಿದರೆ ಗೆರೆಯ ಅಂಚು ಹರಿಯುತ್ತದೆ. ಮಾಂಸಕ್ಕೆ ಬೇರೆ ಹಲಗೆ ಇಟ್ಟುಕೊಳ್ಳಿ. ಬಡಿಸುವ ಹಲಗೆಯ ಮೇಲೆ ಹಸಿ ಮಾಂಸ ಬೇಡವೇ ಬೇಡ.

ಕಿನ್ನಾಳದ್ದೇನ್ರೀ ಇದು?

ಅಲ್ಲ. ಕೊಪ್ಪಳದವರು ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ, ಬರಲೇಬೇಕು. ಕಿನ್ನಾಳದ ಚಿತ್ರಗಾರರ ಕಲೆ ಬೇರೆಯೇ. ಅವರು ಹಗುರ ಮರದಲ್ಲಿ ಬೊಂಬೆ, ದೇವರ ಮೂರ್ತಿ, ಪ್ರಾಣಿಗಳನ್ನು ಮಾಡಿ, ಹುಣಸೆ ಬೀಜದ ಅಂಟು ಬಳಸಿ, ಮೇಲೆ ಬಣ್ಣ ಹಚ್ಚುತ್ತಾರೆ. ಆ ಬಣ್ಣದ ಹೊಳಪೇ ಅದರ ಜೀವ. ನಮ್ಮ ಹಲಗೆಗೆ ಬಣ್ಣವೇ ಇಲ್ಲ. ತಿನ್ನುವ ಪದಾರ್ಥ ತಾಗುವ ಜಾಗಕ್ಕೆ ಬಣ್ಣ ಹಾಕಬಾರದು. ಬೊಂಬೆ ಬೇಕಾದವರು ದಯವಿಟ್ಟು ಕಿನ್ನಾಳಕ್ಕೇ ಹೋಗಿ ಅವರ ಕೈಯಿಂದಲೇ ಕೊಳ್ಳಿ.

ಒಂದು ಹಲಗಿಗೆ ಇಷ್ಟ್ಯಾಕ ತುಟ್ಟಿ?

ಮರದ ಬೆಲೆ ಕಡಿಮೆ, ಕಾಯುವ ಬೆಲೆ ಜಾಸ್ತಿ. ಒಣಗದ ಮರದಲ್ಲಿ ಮಾಡಿದರೆ ಇವತ್ತೇ ಮಾರಬಹುದು, ಆದರೆ ಬರುವ ಬೇಸಿಗೆಗೆ ಸೀಳುತ್ತದೆ. ಒಣಗಿಸಿ, ಪಟ್ಟಿ ಕೊಯ್ದು, ಅಂಟಿಸಿ, ರಂದಾ ಹೊಡೆದು, ನಾಲ್ಕು ಸಲ ಸ್ಯಾಂಡ್ ಪೇಪರ್ ತಿಕ್ಕಿ, ಕೆತ್ತಿ, ಎಣ್ಣೆ ಕುಡಿಸುವ ಹೊತ್ತಿಗೆ ಆ ಮರ ತುಂಬಾ ಕೈ ದಾಟಿರುತ್ತದೆ. ಅಗ್ಗದ ಹಲಗೆ ಕೈಗೆ ಸಿಕ್ಕರೆ ಅಂಚನ್ನು ನೋಡಿ. ಅಂಚಿನಲ್ಲಿ ಪದರ ಪದರ ಕಂಡರೆ ಅದು ಪ್ಲೈವುಡ್.

## ಮರದ ವಿಷಯ

ಯಾವ ಮರದ್ದು ಇದು?

ಬೇವು, ಮಾವು, ಹುಣಸೆ, ಸಾಗುವಾನಿ ಮತ್ತು ಬಳ್ಳಾರಿ ಜಾಲಿ. ಬೆಂಕಿಗೀರಿನ ಚಿತ್ರ, ಅಂದರೆ ಮರವನ್ನು ಸುಟ್ಟು ಬರೆದ ಚಿತ್ರ, ಎದ್ದು ಕಾಣಬೇಕಾದರೆ ತಿಳಿ ಬಣ್ಣದ ಮಾವು ಒಳ್ಳೆಯದು. ಪೆಟ್ಟು ತಡೆಯಬೇಕಾದರೆ ಹುಣಸೆ. ಮಟನ್ ಅಂಗಡಿಯ ಕೊರಡು ಹುಣಸೆಯದೇ ಇರುತ್ತದೆ ನೋಡಿ, ಕತ್ತಿ ಏಟಿಗೆ ಅದು ಚಕ್ಕೆ ಏಳುವುದಿಲ್ಲ. ಸಾಗುವಾನಿಗೆ ನೀರು ಬೇಗ ಹಿಡಿಯುವುದಿಲ್ಲ. ನಮ್ಮ ಮನಸ್ಸಿಗೆ ಹತ್ತಿರ ಯಾವುದು ಅಂತ ಕೇಳಿದರೆ ಮಾತ್ರ ಜಾಲಿ. ಅದರ ಮಾತು ಮುಂದಿನ ಉತ್ತರದಲ್ಲಿದೆ.

ಬಳ್ಳಾರಿ ಜಾಲಿ ಅಂದ್ರ ಉರುವಲು. ಅದರಾಗ ಹಲಗಿ ಆಗ್ತೈತೇನು?

ಆಗುತ್ತದೆ, ಬಹಳ ಚೆನ್ನಾಗಿ ಆಗುತ್ತದೆ. ಬಳ್ಳಾರಿ ಜಾಲಿ ನಮ್ಮ ನೆಲದ ಗಿಡ ಅಲ್ಲ. ಅಮೆರಿಕ ಖಂಡಗಳದ್ದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ತಂದರು. ಬರ ತಡೆಯುತ್ತದೆ, ಸೌದೆ ಕೊಡುತ್ತದೆ, ಕುರಿ-ಮೇಕೆ ಕಾಯಿ ತಿನ್ನುತ್ತವೆ ಅಂತ ನೆಟ್ಟಿದ್ದು. ಆಮೇಲೆ ಅದು ಕೆರೆ ಅಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲ ಹಿಡಿದುಕೊಂಡಿತು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಅದರ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಮಾತ್ರ ಕೆಂಪು ಮಿಶ್ರಿತ ಕಂದು, ಗಟ್ಟಿ, ಬಿಗಿ ಎಳೆಯದು. ಒಣಗಿದ ಮೇಲೆ ಉಳಿದ ಮರಗಳಷ್ಟು ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ. ಬಡಿಸುವ ಹಲಗೆಗೆ ಇದಕ್ಕಿಂತ ದೊಡ್ಡ ಗುಣ ಇನ್ನೇನು ಬೇಕು? ಅಮೆರಿಕದ ಟೆಕ್ಸಾಸ್ ಕಡೆ ಇದೇ ಬಳಗದ ಮರವನ್ನು ಮೇಜು, ನೆಲಹಾಸು, ಹಲಗೆಗಳಿಗೆ ಆಸೆಯಿಂದ ಬಳಸುತ್ತಾರೆ. ನಮ್ಮಲ್ಲಿ ಅದು ಇದ್ದಿಲು ಗೂಡಿಗೆ ಹೋಗುತ್ತದೆ.

ತೊಂದರೆ ಇರುವುದು ಕಾಂಡದ ಆಕಾರದಲ್ಲಿ. ಸೊಟ್ಟ, ಗಂಟು, ಮುಳ್ಳು, ಅಗಲ ಕಡಿಮೆ. ಒಂದೇ ತುಂಡಿನ ಅಗಲ ಹಲಗೆ ಸಿಗುವುದು ಅಪರೂಪ. ಅದಕ್ಕೇ ಎರಡು ಬೆರಳು ಅಗಲದ ಪಟ್ಟಿಗಳನ್ನು ಕೊಯ್ದು ಅಂಟಿಸುತ್ತೇವೆ. ಜಾಲಿ ಹಲಗೆಯ ಮೇಲೆ ಕಾಣುವ ಗೆರೆಗಳು ಆ ಪಟ್ಟಿಗಳದ್ದು, ಬಿರುಕಲ್ಲ.

ಇನ್ನೊಂದು ಕಾರಣವೂ ಇದೆ. ಸಿರುಗುಪ್ಪ ಕಡೆಯ ಎರೆ ಹೊಲ-ಹುಲ್ಲುಗಾವಲಿನಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಉಳಿದಿದೆ. ಕರ್ನಾಟಕದಲ್ಲಿ ಅದು ಕೊನೆಯದಾಗಿ ಕಾಣುವ ಜಾಗ ಅದೇ. ಆ ಹಕ್ಕಿಗೆ, ಚಿಗರಿಗೆ (ಕೃಷ್ಣಮೃಗಕ್ಕೆ), ತೋಳಕ್ಕೆ ಬಯಲು ಬೇಕು, ದೂರಕ್ಕೆ ಕಣ್ಣು ಹಾಯಬೇಕು. ಜಾಲಿ ಬೆಳೆದ ಕಡೆ ಬಯಲು ಮುಚ್ಚಿಹೋಗುತ್ತದೆ. ಬಯಲನ್ನು ನುಂಗಿದ ಮರದ ಮೇಲೆ ಬಯಲಿನ ಹಕ್ಕಿಯನ್ನು ಕೆತ್ತುವುದು ನಮಗೆ ಸರಿ ಅನಿಸುತ್ತದೆ. ಒಂದು ಹಲಗೆಯಿಂದ ಹುಲ್ಲುಗಾವಲು ವಾಪಸ್ ಬರುವುದಿಲ್ಲ, ಗೊತ್ತು. ಆದರೆ ಜಾಲಿ ಚೇಗಿಗೆ ಸೌದೆಗಿಂತ ಒಳ್ಳೆಯ ಬೆಲೆ ಸಿಕ್ಕರೆ ಅದನ್ನು ಕಡಿಯುವವರ ಕೈಗೂ ನಾಲ್ಕು ಕಾಸು ಸಿಗುತ್ತದೆ.

ಬೇವಿನ ಹಲಗಿ ಕಹಿ ಆಗಂಗಿಲ್ಲೇನು?

ಪೂರ್ತಿ ಒಣಗಿದ ಬೇವು ರೊಟ್ಟಿ, ಚಕ್ಕುಲಿಗೆ ಕಹಿ ಬಿಡುವುದಿಲ್ಲ. ಹೊಸದರಲ್ಲಿ ವಾಸನೆ ಇರುತ್ತದೆ, ಎಣ್ಣೆ ಕುಡಿಸಿ ಬಳಸುತ್ತಾ ಹೋದರೆ ಕಡಿಮೆಯಾಗುತ್ತದೆ. ಹೆಚ್ಚಿದ ಮಾವಿನಹಣ್ಣು, ಕಲ್ಲಂಗಡಿಯಂಥ ರಸ ಇಳಿಯುವ ಹಣ್ಣನ್ನು ಮೊದಮೊದಲು ಬೇವಿನ ಮೇಲೆ ಇಡಬೇಡಿ.

ನಮ್ಮ ಹೊಲದಾಗ ಬಿದ್ದ ಮರ ಐತಿ, ಅದರಾಗ ಮಾಡಿಕೊಡ್ತೀರಾ?

ಖುಷಿಯಿಂದ ಮಾಡಿಕೊಡುತ್ತೇವೆ. ಅಜ್ಜ ನೆಟ್ಟ ಮಾವಿನ ಮರ ಗಾಳಿಗೆ ಬಿದ್ದಿದೆ, ಅದರಿಂದ ಮನೆಗೊಂದು ಹಲಗೆ ಬೇಕು ಅಂತ ಬರುವವರ ಕೆಲಸ ನಮಗೆ ತುಂಬಾ ಇಷ್ಟ. ಆದರೆ ಸಮಯ ಕೊಡಬೇಕು. ನೆರಳಿನಲ್ಲಿ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಬಡಿಗೇರರ ಹಳೆಯ ಲೆಕ್ಕ.

ಮರ ಬಿದ್ದ ಕೂಡಲೇ ಎರಡೂ ತುದಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯಿರಿ, ತುದಿಯಿಂದಲೇ ನೀರು ಬೇಗ ಹೋಗಿ ಸೀಳು ಬಿಡುವುದು. ಸಾ ಮಿಲ್ಲಿನಲ್ಲಿ ಹಲಗೆ ಕೊಯ್ಸಿ, ಮಧ್ಯೆ ಮಧ್ಯೆ ಸಣ್ಣ ಕೋಲು ಇಟ್ಟು, ಗಾಳಿ ಆಡುವ ಹಾಗೆ ಜೋಡಿಸಿ. ಬಿಸಿಲಿಗೆ ಹಾಕಬೇಡಿ. ಸಾಗುವಾನಿ, ಬೀಟೆಯಂಥ ಮರ ಆದರೆ ಹೊಲ ನಿಮ್ಮದೇ ಆಗಿದ್ದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಕಾಗದ ಇಲ್ಲದ ಮರವನ್ನು ನಾವು ಮುಟ್ಟುವುದಿಲ್ಲ.

ಬೀಟಿ ಮರದಾಗ ಮಾಡ್ರಿ, ಶ್ರೀಮಂತ ಕಾಣ್ತದ

ಬೀಟೆ ಮತ್ತು ಅದರ ಬಳಗದ ಮರಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ 2017ರಿಂದ ಬಿಗಿ ನಿಯಮಗಳಿವೆ. ಅಷ್ಟೇ ಅಲ್ಲ, ಅದರ ಬಣ್ಣ ಗಾಢ. ಸುಟ್ಟ ಗೆರೆ ಅದರ ಮೇಲೆ ಕಾಣುವುದೇ ಇಲ್ಲ. ಚಿತ್ರದ ಹಲಗೆಗೆ ಅದು ಹೊಂದುವುದಿಲ್ಲ.

## ಚಿತ್ರದ ವಿಷಯ

ಕೈ ಕೆತ್ತನಿಯೋ, ಮಷಿನ್ನೋ?

ಮೂರು ರೀತಿ ಮಾಡುತ್ತೇವೆ, ಯಾವುದು ಅಂತ ಹಲಗೆಯ ಚೀಟಿಯಲ್ಲಿ ಬರೆದಿರುತ್ತೇವೆ. ಉಳಿಯಿಂದ ಕೆತ್ತಿದ್ದರಲ್ಲಿ ಗೆರೆ ಆಳ, ಬೆರಳಿಗೆ ಸಿಗುತ್ತದೆ. ಕಾಯಿಸಿದ ಪೆನ್ನಿನಿಂದ ಸುಟ್ಟು ಬರೆದದ್ದರಲ್ಲಿ ತಿಳಿಯಿಂದ ಕಪ್ಪಿನವರೆಗೆ ಎಲ್ಲ ಛಾಯೆ ತರಬಹುದು, ಕೂದಲು, ಗರಿಗೆ ಇದೇ ಸರಿ. ಲೇಸರ್‌ನಲ್ಲಿ ಒಂದೇ ಚಿತ್ರ ನೂರು ಹಲಗೆಗೆ ಒಂದೇ ರೀತಿ ಬರುತ್ತದೆ. ಮದುವೆಗೆ ಉಡುಗೊರೆ ಕೊಡಲು ಜಾಸ್ತಿ ಹಲಗೆ ಬೇಕಾದವರಿಗೆ ಲೇಸರ್ ಸಾಕು. ಲೇಸರ್ ಅಂದರೆ ಕೀಳು ಅಂತ ನಾವು ಹೇಳುವುದಿಲ್ಲ. ಅದಕ್ಕೆ ಕೊಡುವ ಮೂಲ ಚಿತ್ರ ಕೈಯಿಂದ ಬರೆದದ್ದೇ, ಅದು ಸರಿ ಇಲ್ಲದಿದ್ದರೆ ಯಾವ ಮಷಿನ್ನೂ ಸರಿ ಮಾಡುವುದಿಲ್ಲ.

ಯಾವ ಪ್ರಾಣಿ ಛಲೋ ಬರ್ತದ?

ಕರಡಿ. ಈ ಸೀಮೆಯವರಿಗೆ ಬೇರೆ ಉತ್ತರ ಹೊಳೆಯುವುದು ಕಷ್ಟ. 1994ರಲ್ಲಿ ಆದ ದರೋಜಿ ಕರಡಿಧಾಮ ಇಲ್ಲೇ ಪಕ್ಕದಲ್ಲಿದೆ. ಸಂಜೆ ಹೊತ್ತಿಗೆ ಬಂಡೆಗಳ ಸಂದಿಯಿಂದ ಇಳಿದು ಬರುವ ಕರಡಿಯನ್ನು ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ.

ಕರ್ರಗಿನ ಪ್ರಾಣಿಯನ್ನು ಸುಡುವ ಪೆನ್ನಿನಲ್ಲಿ ಬರೆಯುವುದು ಸುಲಭ ಅನಿಸಬಹುದು. ಪೂರ್ತಿ ಕಪ್ಪು ಸುಟ್ಟರೆ ಆಯ್ತಲ್ಲ ಅಂತ. ಹಾಗೆ ಮಾಡಿದರೆ ಹಲಗೆಯ ಮೇಲೆ ಬರೀ ಒಂದು ಮಸಿ ಕಲೆ ಉಳಿಯುತ್ತದೆ. ನಿಜವಾದ ಕೆಲಸ ಎಲ್ಲಿ ಸುಡಬಾರದು ಅಂತ ನಿರ್ಧರಿಸುವುದು. ಮೂತಿ ಮಾಸಲು ಬಿಳಿ, ಅಲ್ಲಿ ಮರವನ್ನು ಹಾಗೇ ಬಿಡಬೇಕು. ಎದೆಯ ಮೇಲಿನ ಕವಲು ಪಟ್ಟೆಯನ್ನೂ ಬಿಡಬೇಕು. ಭುಜ, ಕತ್ತಿನ ಕೂದಲು ಉದ್ದ, ಕೆದರಿದ್ದು, ಅಲ್ಲಿ ಗೆರೆಗಳ ನಡುವೆ ಮರ ಇಣುಕಬೇಕು. ಉಗುರು ಉದ್ದ, ಬಾಗಿದ್ದು, ಅದು ಗೆದ್ದಲು ಹುತ್ತ ಅಗೆಯುವ ಉಗುರು. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡಾಡುತ್ತದೆ. ಉದ್ದ ಹಲಗೆಯ ಮೂಲೆಗೆ ಆ ಚಿತ್ರ ಬಹಳ ಚೆನ್ನಾಗಿ ಕೂರುತ್ತದೆ, ಜನ ಹೆಚ್ಚು ಕೇಳುವುದೂ ಅದನ್ನೇ.

ಕರಡಿ ಆದಮೇಲೆ ನೀರುನಾಯಿ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಇಲ್ಲಿರುವುದು ನಯ ತುಪ್ಪಳದ ಜಾತಿ, ಬಾಲ ಚಪ್ಪಟೆ, ಬೆರಳುಗಳ ನಡುವೆ ಪೊರೆ. ಗುಂಪಾಗಿ ಈಜುವ ಪ್ರಾಣಿ, ಹಾಗಾಗಿ ಹಲಗೆಯ ಉದ್ದಕ್ಕೆ ಸಾಲಾಗಿ ಬರೆಯಬಹುದು. ಮರದ ಎಳೆಯೇ ನೀರಿನ ಅಲೆಯ ಹಾಗೆ ಕಾಣುವ ತುಂಡನ್ನು ನೀರುನಾಯಿಗೆ ಅಂತಲೇ ಎತ್ತಿಡುತ್ತೇವೆ.

ಗಂಗಾವತಿ ಕಡೆಯ ಬಂಕಾಪುರದ ತೋಳ, ಬಯಲಿನ ಚಿಗರಿ, ಚಳಿಗಾಲಕ್ಕೆ ಕೆರೆಗಳಿಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು ಕೂಡ ಮಾಡುತ್ತೇವೆ. ಚಿಗರಿಯಲ್ಲಿ ಸುರುಳಿ ಕೊಂಬು ಗಂಡಿಗೆ. ಗಂಡಿನ ಬೆನ್ನು ಕಡು ಕಂದು-ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ. ಆ ಉಂಗುರ ಬಿಟ್ಟರೆ ಮುಖವೇ ಸತ್ತುಹೋಗುತ್ತದೆ.

ಸಿಂಹ, ಹುಲಿ, ದೊಡ್ಡ ಕೊಂಬಿನ ಜಿಂಕಿ ಬೇಕಂದ್ರ?

ಕೇಳಿದರೆ ಮಾಡುತ್ತೇವೆ. ಒಂದೇ ಒಂದು ಮಾತು: ಪ್ರಾಣಿ ಯಾವುದೇ ಇರಲಿ, ಸರಿಯಾಗಿರಬೇಕು. ರೆಡಿಮೇಡ್ ಲೇಸರ್ ಚಿತ್ರಗಳಲ್ಲಿ ತಪ್ಪು ಜಾಸ್ತಿ. ಚಿರತೆ ಅಂತ ಕೊಡುವುದು ಎಷ್ಟೋ ಸಲ ದಕ್ಷಿಣ ಅಮೆರಿಕದ ಜಾಗ್ವಾರ್ ಆಗಿರುತ್ತದೆ. ಮೈಮೇಲಿನ ಉಂಗುರದ ಒಳಗೆ ಸಣ್ಣ ಚುಕ್ಕೆ ಇದ್ದರೆ ಅದು ಜಾಗ್ವಾರ್, ನಮ್ಮ ಚಿರತೆಯ ಉಂಗುರದೊಳಗೆ ಚುಕ್ಕೆ ಇರುವುದಿಲ್ಲ. ಕರಡಿ ಅಂತ ಬರುವುದು ಭುಜದ ಮೇಲೆ ಡುಬ್ಬ ಇರುವ ಅಮೆರಿಕದ ಕಂದು ಕರಡಿ. ಜಿಂಕೆ ಅಂತ ಬರುವುದು ಹತ್ತು ಕವಲಿನ ಕೊಂಬಿನ ಚಳಿ ದೇಶದ ಸಾರಂಗ. ನಮ್ಮ ಚುಕ್ಕೆ ಜಿಂಕೆಯ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ಕವಲು. ಮಕ್ಕಳು ಊಟಕ್ಕೆ ಕೂತಾಗ ನೋಡುವ ಚಿತ್ರ ಇದು. ಅವು ತಪ್ಪು ಪ್ರಾಣಿಯನ್ನು ನಮ್ಮದು ಅಂತ ಕಲಿಯಬಾರದು ಅಲ್ವಾ?

ಹನುಮಪ್ಪನ್ನ ಹಾಕಿಕೊಡ್ರಿ

ಅಂಜನಾದ್ರಿಗೆ ಹೋಗಿ ಬಂದವರು ಕೇಳುತ್ತಾರೆ. ದೇವರ ಚಿತ್ರವನ್ನು ಮುಸುರೆ ಆಗುವ ಹಲಗೆಗೆ ಹಾಕುವುದಿಲ್ಲ. ಬೆಟ್ಟದ ಬಂಡೆ ಮೇಲೆ ಕೂತ ಮುಸಿಯ ಬೇಕಾದರೆ ಹಾಕಿಕೊಡುತ್ತೇವೆ.

ಗೂಗಲ್‌ನ್ಯಾಗ ಸಿಕ್ಕ ಫೋಟೊ ಕಳಿಸ್ತೀನಿ, ಅದನ್ನ ಕೆತ್ರಿ

ನೀವೇ ತೆಗೆದ ಫೋಟೊ ಕಳಿಸಿ, ಸಂತೋಷ. ಬೇರೆಯವರು ತೆಗೆದದ್ದಾದರೆ ಅವರ ಒಪ್ಪಿಗೆ ತನ್ನಿ. ನಮ್ಮ ಕಾಯ್ದೆಯಲ್ಲಿ ಫೋಟೊ ತೆಗೆದವರು ಇರುವವರೆಗೆ, ಅವರು ತೀರಿಕೊಂಡ ಮೇಲೂ 60 ವರ್ಷ ಅದರ ಹಕ್ಕು ಇರುತ್ತದೆ. ಒಂದು ತೋಳದ ಫೋಟೊಗೆ ವಾರಗಟ್ಟಲೆ ಬಿಸಿಲಲ್ಲಿ ಕಾಯುವ ಜನ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅವರನ್ನು ಕೇಳಿದರೆ ಎಷ್ಟೋ ಸಲ ಸುಮ್ನೆ ಕೊಟ್ಟುಬಿಡುತ್ತಾರೆ, ಹೆಸರು ಹಾಕಿದರೆ ಸಾಕು ಅಂತಾರೆ.

ಗುಡ್ಡದಾಗಿನ ಹಳೇ ಚಿತ್ರ ಹಾಕಬಹುದಾ?

ಹಾಕಬಹುದು, ನಮಗೆ ಅತ್ಯಂತ ಇಷ್ಟದ ಕೆಲಸ ಅದು. ಬಳ್ಳಾರಿ ಹತ್ತಿರದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ಕಾಲದಿಂದ ಜನ ಕರಿಕಲ್ಲನ್ನು ಕುಟ್ಟಿ ಕುಟ್ಟಿ ಉದ್ದ ಕೊಂಬಿನ ಎತ್ತುಗಳನ್ನು ಮೂಡಿಸಿದ್ದಾರೆ. ಅಲ್ಲಿನ ಕೆಲವು ಬಂಡೆ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಿ ಕಲ್ಲುಮನೆಗಳ ಜೊತೆಗೆ ಬಂಡೆಯ ಮೇಲೆ ಕೆಂಪು ಬಣ್ಣದ ಚಿತ್ರಗಳಿವೆ, ಮನುಷ್ಯರು, ಪ್ರಾಣಿಗಳು, ಬೇಟೆ. ನಾಲ್ಕೇ ಗೆರೆಯಲ್ಲಿ ಓಡುವ ಪ್ರಾಣಿ ಕಾಣಿಸುವ ಆ ಕೈಚಳಕ ಈಗಿನವರಿಗೆ ಕಲಿಯಲು ಬೇಕಾದಷ್ಟಿದೆ. ಆ ಗೆರೆಗಳು ಸರಳ, ಹಾಗಾಗಿ ಸಣ್ಣ ಹಲಗೆಗೂ ಹೊಂದುತ್ತವೆ. ಫೋಟೊ ನೋಡಿ ಬರೆಯಿರಿ. ಕಲ್ಲಿನ ಮೇಲೆ ಕಾಗದ ಇಟ್ಟು ಉಜ್ಜುವುದು, ಚೆನ್ನಾಗಿ ಕಾಣಲಿ ಅಂತ ಸೀಮೆಸುಣ್ಣ ತಿದ್ದುವುದು ಬೇಡ.

ಹಿಡಿಕಿಗೆ ಜಿಂಕಿ ಕೊಂಬು ಹಾಕಿದ್ರ ಚಂದ ಅಲ್ರಿ?

ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಆದರೂ ತರುವಂತಿಲ್ಲ, ಮಾರುವಂತಿಲ್ಲ.

## ಮನೆಗೆ ಒಯ್ದ ಮೇಲೆ

ಹ್ಯಾಂಗ್ ತೊಳಿಬೇಕು? ಕೆತ್ತಿದ ಸಂದಿನಾಗ ತಿಂಡಿ ಸಿಕ್ಕೊಂಡ್ರ?

ಊಟ ಆದ ಕೂಡಲೇ ಮೆತ್ತಗಿನ ಬಟ್ಟೆ, ಚೂರು ಸೋಪು, ಸ್ವಲ್ಪ ನೀರು. ಸಂದಿಗೆ ಹಳೆಯ ಮೆತ್ತನೆಯ ಹಲ್ಲುಬ್ರಶ್ಶು. ಗೆರೆ ಹೋದ ದಿಕ್ಕಿಗೇ ಎಳೆಯಿರಿ. ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಎರಡೂ ಕಡೆ ಗಾಳಿ ಆಡಬೇಕು. ಸಿಂಕಿನಲ್ಲಿ ನೆನೆಹಾಕಬೇಡಿ. ಮಲಗಿಸಿ ಒಣಗಿಸಿದರೆ ಕೆಳಮುಖ ಹಸಿಯಾಗೇ ಉಳಿದು ಹಲಗೆ ಬಾಗುತ್ತದೆ. ತಂತಿ ಉಜ್ಜುಗ, ಡಿಶ್‌ವಾಷರ್ ಎರಡೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ವಾಸನೆ ಕೂತರೆ ಅರ್ಧ ನಿಂಬೆಹಣ್ಣಿಗೆ ಕಲ್ಲುಪ್ಪು ಅದ್ದಿ ತಿಕ್ಕಿ.

ಮರದಾಗ ಕ್ರಿಮಿ ಕೂಡ್ತಾವಂತ, ಪ್ಲಾಸ್ಟಿಕ್ಕೇ ಛಲೋ ಅಂತಾರ. ಖರೇನಾ?

ಅಷ್ಟು ಸರಳ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಡೀನ್ ಕ್ಲೈವರ್ ಅನ್ನುವ ವಿಜ್ಞಾನಿ ಮರ ಮತ್ತು ಪ್ಲಾಸ್ಟಿಕ್ ಹಲಗೆಗಳ ಮೇಲೆ ಬ್ಯಾಕ್ಟೀರಿಯಾ ಬಿಟ್ಟು ನೋಡಿದ್ದರು. ಮರದ ಮೇಲೆ ಬಿಟ್ಟವು ಒಳಕ್ಕೆ ಇಂಗಿ, ಅಲ್ಲಿ ಬೆಳೆಯಲಾಗದೆ ಕ್ರಮೇಣ ಸತ್ತವು. ಚಾಕು ಗೀರು ಬಿದ್ದ ಪ್ಲಾಸ್ಟಿಕ್ಕನ್ನು ಕೈಯಿಂದ ತೊಳೆದು ಶುದ್ಧ ಮಾಡುವುದೇ ಕಷ್ಟ ಅಂತ ಕಂಡುಬಂತು. ಹಾಗಂತ ಮರವನ್ನು ಕೊಳಕಾಗಿ ಇಡಬಹುದು ಅಂತಲ್ಲ. ಒದ್ದೆಯಾಗೇ ಉಳಿದ ಹಲಗೆಗೆ ಬೂಷ್ಟು ಬಂದೇ ಬರುತ್ತದೆ.

ಅರಿಶಿಣದ ಕಲಿ ಹೋಗವಲ್ದು

ಅರಿಶಿಣದ ಬಣ್ಣ ಬಿಸಿಲಿಗೆ ಮಾಸುತ್ತದೆ. ಹಲಗೆಯನ್ನು ತೊಳೆದು ಬೆಳಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಇಡಿ, ತೆಗೆಯಿರಿ, ಮರುದಿನ ಮತ್ತೆ ಇಡಿ. ಒಂದೇ ದಿನ ಹೋಗಲಿ ಅಂತ ಮಧ್ಯಾಹ್ನದ ಬಿಸಿಲಿಗೆ ಹಾಕಬೇಡಿ. ಕಲೆ ಹೋಗುತ್ತದೆ, ಜೊತೆಗೆ ಹಲಗೆಯೂ ಸೀಳುತ್ತದೆ.

ಜಾಲಿ ಹಲಗಿ ಮ್ಯಾಲೆ ಕರ್ರಗ ಕಲಿ ಬಿದ್ದೈತಿ, ಬೂಷ್ಟಾ ಇದು?

ಹಸಿ ಕಬ್ಬಿಣ ತಾಗಿದ ಜಾಗ ಆಗಿದ್ದರೆ ಬೂಷ್ಟಲ್ಲ. ಜಾಲಿ, ಸಾಗುವಾನಿ ಮರದಲ್ಲಿ ಒಗರಿನ ಅಂಶ ಇರುತ್ತದೆ. ಅದಕ್ಕೆ ಕಬ್ಬಿಣ ಮತ್ತು ನೀರು ಸೇರಿದರೆ ಮಸಿಯಂಥ ಕಪ್ಪು ಹುಟ್ಟುತ್ತದೆ. ಒದ್ದೆ ಚಾಕು, ರೊಟ್ಟಿ ಹಂಚು, ಕಬ್ಬಿಣದ ಸೌಟು ಇಟ್ಟು ಮರೆತಾಗ ಹೀಗಾಗುತ್ತದೆ. ನಿಂಬೆರಸ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ತಿಳಿಯಾಗುತ್ತದೆ. ಆಮೇಲೆ ಎಣ್ಣೆ ಹಚ್ಚಿ.

ಯಾವ ಎಣ್ಣಿ ಹಚ್ಚಬೇಕು? ಅಡಿಗಿ ಎಣ್ಣಿ ನಡೀತದಾ?

ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬೇಡ. ಅವು ಮರದಲ್ಲಿ ಒಣಗುವುದಿಲ್ಲ, ನಮ್ಮ ಸೆಕೆಗೆ ಬೇಗ ಕಮಟು ವಾಸನೆ ಹಿಡಿಯುತ್ತವೆ. ಔಷಧ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು, ಅದು ಕೆಡುವುದಿಲ್ಲ. ಬಣ್ಣ, ಪರಿಮಳ ಸೇರಿಸದ್ದು ಕೇಳಿ ತನ್ನಿ. ಬಟ್ಟೆಯಲ್ಲಿ ಎರಡೂ ಮುಖಕ್ಕೆ, ಅಂಚಿಗೆ ಧಾರಾಳವಾಗಿ ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಉಳಿದದ್ದನ್ನು ಒರೆಸಿ. ಇನ್ನೂ ಚೆನ್ನಾಗಿ ಬೇಕಾದರೆ ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ ಹಾಕಿ. ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಬೆಂಕಿ ಮೇಲೆ ಬೇಡ. ಬೇಸಿಗೆಗೆ ಮೇಣ ಸ್ವಲ್ಪ ಜಾಸ್ತಿ ಇರಲಿ.

ಹಳೆಯ ಬಡಿಗೇರರು ಅಗಸಿ ಎಣ್ಣೆ ಹಚ್ಚುತ್ತಿದ್ದರು. ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆ, ಹಲಗೆಗೂ ಸರಿ. ಆದರೆ ಪೂರ್ತಿ ಒಣಗಲು ವಾರಗಟ್ಟಲೆ ಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಗೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಅದನ್ನು ಊಟದ ಹಲಗೆಗೆ ತಾಗಿಸಬೇಡಿ. ಮುಖ್ಯವಾದ ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ಬ್ಯಾಸಗ್ಯಾಗ ಸೀಳಿತು ನೋಡ್ರಿ. ಡೊಂಕಾದ್ದೂ ಒಂದೈತಿ

ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಕರಾವಳಿಯಲ್ಲಿ ಮಾಡಿದ ಹಲಗೆ ಇಲ್ಲಿಗೆ ಬಂದರೆ ಒಳಗಿನ ನೀರನ್ನೆಲ್ಲ ಬಿಟ್ಟು ಕುಗ್ಗುತ್ತದೆ. ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಎಣ್ಣೆ ಹಚ್ಚಿ. ತುದಿಗಳಿಗೆ ಎರಡು ಪಟ್ಟು ಹಚ್ಚಿ. ಏರ್ ಕೂಲರ್ ಮುಂದೆ, ಗ್ಯಾಸ್ ಒಲೆ ಪಕ್ಕ ಇಡಬೇಡಿ.

ಬಾಗಿದ್ದರೆ ಗುಳಿ ಬಿದ್ದ ಮುಖವೇ ಜಾಸ್ತಿ ಒಣಗಿರುವುದು. ಆ ಮುಖ ಕೆಳಗೆ ಬರುವ ಹಾಗೆ, ಹಿಂಡಿದ ಒದ್ದೆ ಬಟ್ಟೆಯ ಮೇಲೆ ರಾತ್ರಿ ಇಡಿ. ಸಮ ಆದ ಮೇಲೆ ನಿಲ್ಲಿಸಿ ಒಣಗಿಸಿ, ಎರಡೂ ಕಡೆ ಎಣ್ಣೆ ಹಚ್ಚಿ. ಕೂದಲೆಳೆ ಸೀಳಾದರೆ ಮೇಣ ತುಂಬಿ ಬಳಸಬಹುದು. ಆರ್‌ಪಾರ್ ಸೀಳಿದ್ದನ್ನು ನಮ್ಮಲ್ಲಿಗೆ ತನ್ನಿ, ಕೊಯ್ದು ಮತ್ತೆ ಅಂಟಿಸಿ ಕೊಡುತ್ತೇವೆ.

ಸಣ್ಣ ತೂತಿನಿಂದ ಬಿಳಿ ಪುಡಿ ಉದುರತೈತಿ

ಮರ ಕೊರೆಯುವ ಹುಳು. ಅದು ಹೊರಗಿನ ಬಿಳಿ ಮರಕ್ಕೆ ಬೀಳುತ್ತದೆ, ಚೇಗಿಗೆ ಬರುವುದು ಕಡಿಮೆ. ಊಟದ ಹಲಗೆಗೆ ಕೀಟನಾಶಕ ಹೊಡೆಯುವಂತಿಲ್ಲ. ಉಳಿದ ಮರದ ಸಾಮಾನಿನಿಂದ ದೂರ ಇಟ್ಟು ನಮಗೆ ತಿಳಿಸಿ, ಬದಲಿಸಿ ಕೊಡುತ್ತೇವೆ. ಎಲ್ಲೇ ಕೊಂಡರೂ ಅಂಚಿನಲ್ಲಿ ಬಿಳಿ ಪಟ್ಟಿ ಇಲ್ಲದ್ದನ್ನು ಆರಿಸಿ.

## ಸ್ವಂತ ಮಾಡುವವರಿಗೆ

ಮೊದಲು ಕೆತ್ತಬೇಕೋ, ಮೊದಲು ಎಣ್ಣಿ ಹಚ್ಚಬೇಕೋ?

ಮೊದಲು ನುಣುಪು, ಆಮೇಲೆ ಕೆತ್ತನೆ, ಕೊನೆಗೆ ಎಣ್ಣೆ. ಸ್ಯಾಂಡ್ ಪೇಪರ್ 80, 120, 180, 220 ಹೀಗೆ ಏರಿಸಿ. 220 ಆದ ಮೇಲೆ ಒದ್ದೆ ಬಟ್ಟೆ ಎಳೆದು ಒಣಗಲು ಬಿಡಿ, ಮರದ ರೋಮ ಎದ್ದು ನಿಲ್ಲುತ್ತದೆ. ಅದನ್ನು 220ರಿಂದಲೇ ಮತ್ತೊಮ್ಮೆ ತೆಗೆಯಿರಿ. ಈ ಹಂತ ಬಿಟ್ಟರೆ ಮೊದಲ ಸಲ ತೊಳೆದಾಗಲೇ ಹಲಗೆ ಒರಟಾಗುತ್ತದೆ. ಎಣ್ಣೆ ಹಚ್ಚಿದ ಮರವನ್ನು ಸುಟ್ಟರೆ ಹೊಗೆ ಜಾಸ್ತಿ, ಗೆರೆಯ ಅಂಚು ಹರಡುತ್ತದೆ.

ಲೇಸರ್‌ನ್ಯಾಗ ಕೆಲವು ಕಡಿ ಕಪ್ಪ, ಕೆಲವು ಕಡಿ ತೆಳು ಬರ್ತೈತಿ

ಅದು ಮಷಿನ್ನಿನ ದೋಷ ಅಲ್ಲ, ಮರದ್ದು. ಬೆಳವಣಿಗೆಯ ಒಂದೊಂದು ಪದರದ ಗಟ್ಟಿತನ ಬೇರೆ. ಮೆತ್ತಗಿನ ಪದರ ಬೇಗ ಸುಡುತ್ತದೆ. ಬಿಗಿ ಎಳೆಯ ಮರ ಆರಿಸಿಕೊಳ್ಳಿ, ಅದೇ ಮರದ ಚೂರಿನ ಮೇಲೆ ವೇಗ ಮತ್ತು ಶಕ್ತಿ ಬದಲಿಸುತ್ತಾ ಚೌಕಗಳನ್ನು ಸುಟ್ಟು ನೋಡಿ. ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್‌ನ ಬೆಳಕಿನ ಅಲೆಯುದ್ದ 10.6 ಮೈಕ್ರೊಮೀಟರ್, ಅದನ್ನು ಎಲ್ಲ ಮರವೂ ಚೆನ್ನಾಗಿ ಹೀರುತ್ತದೆ. ಸಣ್ಣ ಡಯೋಡ್ ಮಷಿನ್ನುಗಳದ್ದು ನೀಲಿ ಬೆಳಕು, 450 ನ್ಯಾನೊಮೀಟರ್ ಸುತ್ತಮುತ್ತ, ಅದಕ್ಕೆ ಮರದ ಬಣ್ಣದ ವ್ಯತ್ಯಾಸ ಜಾಸ್ತಿ ತಾಗುತ್ತದೆ. ಸುತ್ತ ಹೊಗೆ ಕಲೆ ಆಗದಿರಲು ಕಾಗದದ ಟೇಪ್ ಅಂಟಿಸಿ ಅದರ ಮೇಲೇ ಕೆತ್ತಿ. ಆಳ ಅರ್ಧ ಮಿಲಿಮೀಟರ್ ಸಾಕು. ಅದಕ್ಕಿಂತ ಜಾಸ್ತಿ ಆದರೆ ತೊಳೆಯುವವರಿಗೆ ಕಷ್ಟ. ಕೆತ್ತಿದ ಮೇಲೆ ಮಸಿಯನ್ನು ಬ್ರಶ್ಶಿನಿಂದ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಅದು ರೊಟ್ಟಿಗೆ ಹತ್ತುತ್ತದೆ.

ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ), ಪ್ಲೈವುಡ್ ಮೇಲೆ ಊಟದ ಹಲಗೆ ಮಾಡಬೇಡಿ, ಅವುಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಸಾಮಾನ್ಯ. ಪಿವಿಸಿ ಶೀಟನ್ನಂತೂ ಲೇಸರ್‌ಗೆ ಹಾಕಲೇಬೇಡಿ. ಬರುವ ಹೊಗೆ ಆಮ್ಲದ್ದು, ಶ್ವಾಸಕೋಶಕ್ಕೂ ಮಷಿನ್ನಿಗೂ ಕೇಡು.

ಪಟ್ಟಿ ಅಂಟಿಸಿದ್ದು ಆಮ್ಯಾಲೆ ಬಿಡ್ತೈತಲ್ಲ, ಯಾಕ?

ಎರಡು ಕಾರಣ. ಒಂದು, ಪಟ್ಟಿಗಳು ಒಂದೇ ಮಟ್ಟಕ್ಕೆ ಒಣಗಿರುವುದಿಲ್ಲ. ಕೊಯ್ದ ಮೇಲೆ ಎರಡು ವಾರ ಒಂದೇ ಕೋಣೆಯಲ್ಲಿ ಇಟ್ಟು ಅಂಟಿಸಿ. ಎರಡನೆಯದು, ಎಳೆಯ ದಿಕ್ಕು. ಮರ ಬೆಳವಣಿಗೆಯ ಸುತ್ತಿನ (ಉಂಗುರದ) ದಿಕ್ಕಿಗೆ ಕುಗ್ಗುವಷ್ಟರಲ್ಲಿ ಸುಮಾರು ಅರ್ಧದಷ್ಟೇ ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುತ್ತದೆ. ಪಟ್ಟಿಯ ತುದಿ ನೋಡಿ, ಸುತ್ತುಗಳು ನೆಟ್ಟಗೆ ನಿಂತಂತೆ ಕಾಣುವ ಪಟ್ಟಿಗಳನ್ನು ಒಟ್ಟಿಗೆ ಸೇರಿಸಿ. ಮಲಗಿದ ಸುತ್ತಿನ ಪಟ್ಟಿಯೇ ಇದ್ದರೆ ಒಂದರ ಬೆನ್ನು ಮೇಲೆ, ಇನ್ನೊಂದರದ್ದು ಕೆಳಗೆ ಇಡಿ. ನೀರು ತಡೆಯುವ ಮರದ ಗೋಂದನ್ನೇ ಬಳಸಿ, ಅಂಚಿನಲ್ಲಿ ಸಣ್ಣ ಮಣಿಯಂತೆ ಗೋಂದು ಹೊರಬರುವಷ್ಟು ಕ್ಲ್ಯಾಂಪ್ ಬಿಗಿಯಿರಿ. ಅತಿಯಾಗಿ ಬಿಗಿದರೆ ಗೋಂದೆಲ್ಲ ಹೊರಬಂದು ಸಂದಿಯಲ್ಲಿ ಏನೂ ಉಳಿಯುವುದಿಲ್ಲ.

ಗರಿ, ಕೂದಲು ಜೀವಂತ ಕಾಣಂಗ ಹ್ಯಾಂಗ ಬರೀಬೇಕು?

ಕೂದಲು ಬೆಳೆಯುವ ದಿಕ್ಕಿಗೇ ಪೆನ್ನು ಎಳೆಯಿರಿ, ಕೊನೆಯಲ್ಲಿ ಎತ್ತಿ ಬಿಡಿ. ಗೆರೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ ಆಗುತ್ತದೆ. ಪೆನ್ನನ್ನು ಮರಕ್ಕೆ ಮುಟ್ಟಿಸಿದ ಕ್ಷಣ ನಿಲ್ಲಿಸಬೇಡಿ, ಚುಕ್ಕೆ ಬೀಳುತ್ತದೆ. ಕೈ ಚಲಿಸುತ್ತಲೇ ಇಳಿಯಬೇಕು. ಉರಿ ಕಡಿಮೆ ಇಟ್ಟು ಎರಡು-ಮೂರು ಪದರ ಬರೆಯಿರಿ, ಒಂದೇ ಸಲಕ್ಕೆ ಕಪ್ಪು ತರಲು ಹೋಗಬೇಡಿ. ಕಣ್ಣನ್ನು ಮೊದಲೇ ಬರೆದು, ಅದರಲ್ಲಿ ಬೆಳಕಿನ ಚುಕ್ಕೆ ಬಿಟ್ಟುಕೊಳ್ಳಿ. ಕಣ್ಣು ಸರಿಬರದಿದ್ದರೆ ಆ ಹಲಗೆಗೆ ರಂದಾ ಹೊಡೆದು ಮತ್ತೆ ಶುರು ಮಾಡುವುದು ಮೇಲು. ಎರೆಭೂತದ ರೆಕ್ಕೆಯಲ್ಲಿ ಸಣ್ಣ ಸಣ್ಣ ಗೀರುಗಳಿವೆ, ಕತ್ತು ಮಾತ್ರ ಬೆಳ್ಳಗೆ, ನೆತ್ತಿ ಕಪ್ಪು. ಕತ್ತಿನ ಒಳಗೆ ಒಂದೂ ಗೆರೆ ಎಳೆಯಬೇಡಿ. ಹಿಂದಿನ ಹುಲ್ಲನ್ನು ಸುಟ್ಟರೆ ಕತ್ತು ತಾನಾಗಿ ಎದ್ದು ಕಾಣುತ್ತದೆ.